ಮೊದಲು ಬೋಣಿ ಆಗಲಿ: ಕಾಲೇಜು ಮಕ್ಕಳಿಗೆ ಉದ್ದಿಮೆ ಕಲಿಸುವ ಬಗೆ

ಕಾಲೇಜಿನಲ್ಲಿ ಉದ್ಯಮಶೀಲತೆ ಘಟಕ ಶುರು ಮಾಡಿ ಅಂತ ನಿಮಗೆ ಹೇಳಿದ್ದಾರೆ ಅಂದುಕೊಳ್ಳಿ. ಉದ್ಘಾಟನೆ ಬೇಡ. ನಾನು ಮೊದಲ ವರ್ಷ ಅದನ್ನೇ ಮಾಡಿದೆ. ದೀಪ ಬೆಳಗಿಸಿ, ಶಾಲು ಹೊದಿಸಿ, ದೊಡ್ಡವರೊಬ್ಬರಿಂದ ಎರಡು ಗಂಟೆ ಭಾಷಣ ಮಾಡಿಸಿದೆವು. ಮಕ್ಕಳು ಚಪ್ಪಾಳೆ ತಟ್ಟಿ ಮನೆಗೆ ಹೋದರು. ಆ ವರ್ಷ ಒಬ್ಬರೂ ಒಂದು ರೂಪಾಯಿಯ ಸಾಮಾನು ಮಾರಲಿಲ್ಲ.

ಮರುವರ್ಷದಿಂದ ಒಂದೇ ಗುರಿ ಇಟ್ಟೆ. ಒಂದು ತಿಂಗಳೊಳಗೆ ಪ್ರತಿ ತಂಡಕ್ಕೂ ಬೋಣಿ ಆಗಬೇಕು, ಅದೂ ಗುರುತಿಲ್ಲದವರ ಕೈಯಿಂದ. ಚಿಕ್ಕಮ್ಮ, ಮಾವ, ಪಕ್ಕದ ಬೆಂಚಿನ ಗೆಳೆಯ ಲೆಕ್ಕಕ್ಕಿಲ್ಲ, ಯಾಕೆಂದರೆ ಅವರು ನಿಮ್ಮ ಮುಖ ನೋಡಿ ಕೊಳ್ಳುತ್ತಾರೆ, ಸಾಮಾನು ನೋಡಿ ಅಲ್ಲ. ತಂಡಕ್ಕೆ ಮೂರು ಜನ ಸಾಕು. ಕೈಗೆ ಸಾವಿರ ರೂಪಾಯಿ ಕೊಡಿ, ಸೆಮಿಸ್ಟರ್ ಮುಗಿಯುವಾಗ ವಾಪಸ್ ಕೊಡಬೇಕು ಅಂತ ಮೊದಲೇ ಹೇಳಿ. ನಾವು ನಾಲ್ಕು ಮೇಷ್ಟ್ರುಗಳು ಸೇರಿ ಆ ದುಡ್ಡು ಹಾಕಿದೆವು. ಬೇರೆಯವರ ದುಡ್ಡು ಕೈಯಲ್ಲಿದ್ದಾಗ ಮಕ್ಕಳು ಎಷ್ಟು ಎಚ್ಚರದಿಂದ ಖರ್ಚು ಮಾಡುತ್ತಾರೆ ಅಂತ ನೋಡಬೇಕು ನೀವು.

ಮೊದಲ ವಾರ ಏನನ್ನೂ ಮಾರುವಂತಿಲ್ಲ. ಒಂದು ನೋಟ್‌ಬುಕ್ ಹಿಡಿದು ಸಂತೆ, ಬಸ್ ಸ್ಟ್ಯಾಂಡ್, ಹಾಸ್ಟೆಲ್, ಝೆರಾಕ್ಸ್ ಅಂಗಡಿ, ಹಾಲಿನ ಡೇರಿ ಸುತ್ತಿ ಬರಲಿ. ಇಪ್ಪತ್ತು ಜನರ ಹತ್ತಿರ ಮಾತಾಡಲಿ. ಆದರೆ ಹೇಗೆ ಕೇಳಬೇಕು ಅನ್ನುವುದನ್ನು ನೀವು ಕಲಿಸಲೇಬೇಕು. ‘ನಮ್ಮ ಐಡಿಯಾ ಹೇಗಿದೆ?’ ಅಂತ ಕೇಳಿದರೆ ಎಲ್ಲರೂ ‘ಛಲೋ ಐತಿ ನೋಡ್ರಿ’ ಅನ್ನುತ್ತಾರೆ, ನಮ್ಮ ಕಡೆ ಯಾರೂ ಓದೋ ಹುಡುಗರ ಮನಸ್ಸು ನೋಯಿಸುವುದಿಲ್ಲ. ಅದರ ಬದಲು, ‘ಹೋದ ಸಲ ಈ ತೊಂದರೆ ಬಂದಾಗ ಏನು ಮಾಡಿದ್ರಿ? ಎಷ್ಟು ಖರ್ಚಾಯಿತು? ಎಷ್ಟು ಹೊತ್ತು ಹೋಯಿತು?’ ಅಂತ ಕೇಳಲಿ. ಆಗಿ ಹೋದದ್ದನ್ನು ಹೇಳುವಾಗ ಜನ ನಿಜ ಹೇಳುತ್ತಾರೆ.

ಪ್ರತಿ ತಂಡದಲ್ಲೂ ಒಬ್ಬರು ಆ್ಯಪ್ ಮಾಡೋಣ ಅನ್ನುತ್ತಾರೆ. ಬೇಡ ಅನ್ನಿ. ಮೊದಲ ಐವತ್ತು ಆರ್ಡರ್‌ಗೆ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಸಾಕು.

ಈಗ ಲೆಕ್ಕದ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಿ, ಯಾಕೆಂದರೆ ಮಕ್ಕಳು ಎಡವುವುದು ಇಲ್ಲೇ. ನಮ್ಮ ಒಂದು ತಂಡ ಶೇಂಗಾ ಚಟ್ನಿ ಪುಡಿ ಮಾಡಿ 200 ಗ್ರಾಂ ಪ್ಯಾಕೆಟ್ 50 ರೂಪಾಯಿಗೆ ಮಾರಿತು. ಶೇಂಗಾ, ಖಾರದಪುಡಿ, ಬೆಳ್ಳುಳ್ಳಿ, ಜೀರಿಗೆ ಎಲ್ಲ ಸೇರಿ 32 ರೂಪಾಯಿ, ಹಾಗಾಗಿ 18 ರೂಪಾಯಿ ಲಾಭ ಅಂತ ಖುಷಿಯಾಗಿದ್ದರು. ಕೂರಿಸಿಕೊಂಡು ಕೇಳಿದೆ. ಕವರ್ ಮತ್ತು ಸ್ಟಿಕ್ಕರ್? 6 ರೂಪಾಯಿ. ಗ್ಯಾಸು, ಕರೆಂಟು? 3. ಬಸ್ ಚಾರ್ಜ್? 5. ಅಲ್ಲಿಗೇ 46 ಆಯಿತು. ಇನ್ನು ನಿಮ್ಮ ಕೂಲಿ? ಯಾರೂ ಮಾತಾಡಲಿಲ್ಲ. ಮೂರು ಜನ ನಾಲ್ಕು ತಾಸು ದುಡಿದು 40 ಪ್ಯಾಕೆಟ್ ಮಾಡಿದ್ದರು. ತಾಸಿಗೆ 60 ರೂಪಾಯಿ ಹಿಡಿದರೂ 720, ಅಂದರೆ ಪ್ಯಾಕೆಟ್‌ಗೆ 18. ಒಟ್ಟು 64 ರೂಪಾಯಿ ಬಿದ್ದದ್ದನ್ನು 50ಕ್ಕೆ ಮಾರುತ್ತಿದ್ದರು. ಮನೆಯಲ್ಲಿ ಅವ್ವ ಹುರಿದು ಕುಟ್ಟಿ ಕೊಟ್ಟರೆ ಅದಕ್ಕೂ ಕೂಲಿ ಹಿಡಿಯಬೇಕು ಅಂತ ಹೇಳಿದಾಗ ಒಬ್ಬ ಹುಡುಗ ತುಂಬಾ ಹೊತ್ತು ತಲೆ ಬಗ್ಗಿಸಿ ಕೂತಿದ್ದ. ಮುಂದಿನ ವಾರ ಬೆಲೆ 80 ಮಾಡಿದರು. ಕೆಲವು ಗಿರಾಕಿಗಳು ಬಿಟ್ಟರು, ಉಳಿದವರು ಮತ್ತೆ ಮತ್ತೆ ಕೇಳಿ ತರಿಸಿಕೊಂಡರು. ಆ ಉಳಿದವರೇ ನಿಮ್ಮ ನಿಜವಾದ ಗಿರಾಕಿಗಳು.

ಉದ್ರಿ ಕೊಡುವುದು ಬೇಡ ಅಂತ ಮೊದಲ ದಿನವೇ ಹೇಳಿ. ಹಾಸ್ಟೆಲ್ ಗೆಳೆಯರಿಗೆ ಉದ್ರಿ ಕೊಟ್ಟರೆ ದುಡ್ಡೂ ಬರುವುದಿಲ್ಲ, ಸ್ನೇಹವೂ ಉಳಿಯುವುದಿಲ್ಲ. ‘ಇಂದು ನಗದು, ನಾಳೆ ಉದ್ರಿ’ ಅಂತ ಅಂಗಡಿಗಳಲ್ಲಿ ಸುಮ್ನೆ ಬರೆದಿರುವುದಿಲ್ಲ ಅಲ್ವಾ?

ತಂಡದೊಳಗೆ ಜಗಳ ಬಂದೇ ಬರುತ್ತದೆ. ಅದಕ್ಕೆ ಶುರುವಿನಲ್ಲೇ ಒಂದು ಹಾಳೆ ಬರೆಸಿ, ಸಹಿ ಹಾಕಿಸಿ. ಯಾರು ಎಷ್ಟು ಹಾಕಿದರು, ಯಾರ ಕೆಲಸ ಏನು, ಲಾಭ ಹೇಗೆ ಹಂಚಿಕೊಳ್ಳುವುದು. ಕೊನೆಯ ವರ್ಷದವರಾದರೆ ಇನ್ನೊಂದು ಸಾಲು ಮುಖ್ಯ: ಒಬ್ಬರಿಗೆ ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿ ಹೊರಟರೆ ಅವರ ಪಾಲು ಏನಾಗುತ್ತದೆ?

ಪಾಠ ಹೇಳಲು ಯಾರನ್ನು ಕರೆಯಬೇಕು? ನಿಮ್ಮೂರಿನ ರೊಟ್ಟಿ ಖಾನಾವಳಿ ನಡೆಸುವ ಅಮ್ಮನನ್ನು ಕರೆಯಿರಿ. ಮಳೆಗಾಲದಲ್ಲಿ ವ್ಯಾಪಾರ ಬಿದ್ದಾಗ ಏನು ಮಾಡಿದಿರಿ, ಆಳು ಬಿಟ್ಟು ಹೋದಾಗ ಹೇಗೆ ನಡೆಸಿದಿರಿ ಅಂತ ಮಕ್ಕಳು ಕೇಳಲಿ. ಇನ್ನೂ ಕಲಿಯಬೇಕು ಅನ್ನುವವರಿಗೆ ಧಾರವಾಡದಲ್ಲಿ ಸರ್ಕಾರದ ಉದ್ಯಮಶೀಲತಾ ತರಬೇತಿ ಕೇಂದ್ರ ಸಿಡಾಕ್ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಇದೆ, ಅದೇ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿಗಳು ಜಿಲ್ಲೆಗಳಲ್ಲಿವೆ, ತರಬೇತಿ ಉಚಿತ. ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್, ಸುರತ್ಕಲ್ ಎನ್‌ಐಟಿಕೆಯ ಸ್ಟೆಪ್, ಬೆಂಗಳೂರು ಐಐಎಂನ ಎನ್‌ಎಸ್‌ಆರ್‌ಸಿಇಎಲ್ ಇಂಥ ಹೊಸ ಉದ್ದಿಮೆಗಳನ್ನು ಬೆಳೆಸುವ ಕೇಂದ್ರಗಳಿಗೆ ಹೋಗುವುದು ಆಮೇಲೆ, ಕೈಯಲ್ಲಿ ನಾಲ್ಕು ತಿಂಗಳ ಮಾರಾಟದ ಲೆಕ್ಕ ಇದ್ದಾಗ. ಬರೀ ಸ್ಲೈಡ್ ಹಿಡಿದು ಹೋದರೆ ಹೇಳುವುದಕ್ಕೆ ಏನಿರುತ್ತದೆ?

ಕಾಗದಪತ್ರಕ್ಕೆ ಹೆದರಬೇಡಿ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ, ಆಧಾರ್ ಮತ್ತು ಪ್ಯಾನ್ ಇದ್ದರೆ ಆಗುತ್ತದೆ, ಶುಲ್ಕ ಇಲ್ಲ. ದುಡ್ಡು ಕೇಳುವ ಏಜೆಂಟರಿಗೆ ಕೊಡಬೇಡಿ. ತಿನ್ನುವ ಪದಾರ್ಥ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕೇ ಬೇಕು, ಪ್ಯಾಕೆಟ್ ಮೇಲೆ ತೂಕ, ಬೆಲೆ, ತಾರೀಖು ಇರಬೇಕು. ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದ ಮೇಲೆ. ಆದರೆ ಹೊರ ರಾಜ್ಯಕ್ಕೆ ಸರಕು ಮಾರಲು ಹೊರಟರೆ ಈ ಮಿತಿ ನಂಬಿಕೊಂಡು ಕೂರಬೇಡಿ, ಮೊದಲು ಲೆಕ್ಕಪರಿಶೋಧಕರನ್ನು ಕೇಳಿ.

ಹಾಜರಾತಿ ಸಮಸ್ಯೆ ಬರುತ್ತದೆ. 2019ರ ರಾಷ್ಟ್ರೀಯ ನಾವೀನ್ಯತೆ ಮತ್ತು ಸ್ಟಾರ್ಟಪ್ ನೀತಿಯನ್ನು ಪ್ರಿನ್ಸಿಪಾಲರ ಮುಂದೆ ಇಡಿ. ವಿದ್ಯಾರ್ಥಿಯ ಸ್ಟಾರ್ಟಪ್ಪನ್ನೇ ಪ್ರಾಜೆಕ್ಟ್ ಎಂದು ಒಪ್ಪುವ, ಹಾಜರಾತಿಯಲ್ಲಿ ಸಡಿಲ ಕೊಡುವ ದಾರಿ ಅದರಲ್ಲಿದೆ. ಬಾಯಿ ಮಾತಿನ ಭರವಸೆ ಸಾಲದು, ಕಾಲೇಜಿನ ನಿಯಮವಾಗಿ ಬರೆಸಿ.

ಇನ್ನು ಮನೆಯವರು. ನಮ್ಮ ಕಾಲೇಜಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಓದುತ್ತಿರುವವರು. ಸಾಲ ಮಾಡಿ ಓದಿಸಿದ ಅಪ್ಪನಿಗೆ ‘ನಿಮ್ಮ ಮಗ ಚಟ್ನಿ ಮಾರುತ್ತಾನೆ’ ಅಂದರೆ ಎದೆ ಒಡೆಯುತ್ತದೆ, ಅದು ತಪ್ಪೂ ಅಲ್ಲ. ಅವರನ್ನು ಕರೆಸಿ, ಲೆಕ್ಕದ ಪುಸ್ತಕ ಕೈಗೆ ಕೊಡಿ, ಡಿಗ್ರಿ ಬಿಡುವ ಮಾತೇ ಇಲ್ಲ ಅಂತ ನೀವೇ ಹೇಳಿ. ಹೆಣ್ಣುಮಕ್ಕಳಿಗೆ ಇನ್ನೊಂದು ತೊಡಕು. ಊರಿಗೆ ಕೊನೆಯ ಬಸ್ಸು ಐದೂವರೆಗೆ, ಘಟಕದ ಸಭೆ ಐದಕ್ಕೆ ಇಟ್ಟರೆ ಅವರು ಬರುವುದು ಹೇಗೆ? ನಾವು ಸಭೆಯನ್ನು ಮಧ್ಯಾಹ್ನದ ಊಟದ ಹೊತ್ತಿಗೆ ತಂದ ಮೇಲೆ ಹುಡುಗಿಯರ ಸಂಖ್ಯೆ ಎರಡೇ ವಾರದಲ್ಲಿ ದುಪ್ಪಟ್ಟಾಯಿತು. ಇಷ್ಟು ಸಣ್ಣ ವಿಷಯ ನನಗೆ ಮೊದಲೇ ಹೊಳೆಯಲಿಲ್ಲವಲ್ಲ ಅಂತ ಇವತ್ತಿಗೂ ಬೇಜಾರಿದೆ.

ಪರೀಕ್ಷೆಗೆ ಮೂರು ವಾರ ಇರುವಾಗ ಮಾರಾಟ ನಿಲ್ಲಿಸಿ. ಉಳಿದ ಸಾಮಾನು ಖಾಲಿ ಮಾಡಿಸಿ, ಸಾವಿರ ರೂಪಾಯಿ ವಾಪಸ್ ತೆಗೆದುಕೊಳ್ಳಿ. ನಷ್ಟ ಆದವರು ಎಲ್ಲಿ ಹೋಯಿತು ಅಂತ ಒಂದು ಪುಟ ಬರೆದು ಕೊಡಲಿ, ದುಡ್ಡು ಮನ್ನಾ ಮಾಡಿ. ಆ ಪುಟಗಳನ್ನೂ ಗಿರಾಕಿಗಳ ಪಟ್ಟಿಯನ್ನೂ ಒಂದು ಫೈಲಿನಲ್ಲಿ ಹಾಕಿಡಿ. ಜೂನಿಯರ್‌ಗಳು ಬಂದ ದಿನ ಮೊದಲು ಅದನ್ನು ಓದಿಸಿ, ಆಮೇಲೆ ನೋಟ್‌ಬುಕ್ ಕೊಟ್ಟು ಸಂತೆಗೆ ಕಳಿಸಿ.