ಮಂದ ಬೆಳಕಿನ ತೊಟ್ಟಿಗೆ ಕೆಸುವಿನ ಬಂಧುಗಳು

ಬೆಂಗಳೂರಿನ ನಮ್ಮ ಮನೆಯ ನಡುಮನೆಗೆ ಇರುವುದು ಒಂದೇ ಕಿಟಕಿ. ಅದರಿಂದ ಮೂರಡಿ ಆಚೆಗೆ ಪಕ್ಕದ ಕಟ್ಟಡದ ಗೋಡೆ ಎದ್ದು ನಿಂತಿರುವುದರಿಂದ ಬಿಸಿಲು ಒಳಗೆ ಬೀಳುವುದೇ ಇಲ್ಲ. ಎರಡಡಿ ಉದ್ದ, ಒಂದಡಿ ಅಗಲದ, ಸುಮಾರು 60 ಲೀಟರ್ ನೀರು ಹಿಡಿಯುವ ನನ್ನ ಮೀನಿನ ತೊಟ್ಟಿ ಇರುವುದು ಅಲ್ಲಿಯೇ, ಮತ್ತು ಅದಕ್ಕೆ ಸೂರ್ಯನೆಂದರೆ ಮುಚ್ಚಳದ ಒಳಗಿನ 10 ವ್ಯಾಟ್‌ನ ಎಲ್‌ಇಡಿ ಪಟ್ಟಿ. ಇಂತಹ ತೊಟ್ಟಿಯಲ್ಲಿ ಯಾವ ಗಿಡ ಬದುಕುತ್ತದೆ ಎಂಬುದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಆ ವರ್ಷದಲ್ಲಿ ಕೊಳೆತುಹೋದ ಗಿಡಗಳ ಬೆಲೆ ತೊಟ್ಟಿಯ ಬೆಲೆಯನ್ನೇ ಮೀರಿತ್ತು.

ಮೊದಲ ಬಾರಿಗೆ ನಾನು ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಕೊಂಡು ತಂದೆ: ನವಿರಾದ ಬೀಸಣಿಗೆಯಂತಹ ಎಲೆಗಳ ಕಬೊಂಬಾ, ಕೆಂಪು ಲುಡ್ವಿಜಿಯಾ, ನೇರಳೆ ಬಣ್ಣದ ಸುಕ್ಕುಸುಕ್ಕಾದ ಎಲೆಗಳ ಇನ್ನೊಂದು ಗಿಡ, ಜೊತೆಗೆ ನಾಲ್ಕು ಲಕ್ಕಿ ಬ್ಯಾಂಬೂ ಕಡ್ಡಿಗಳು. ಹತ್ತು ದಿನಗಳಲ್ಲಿ ಕಬೊಂಬಾ ತನ್ನ ಎಲೆಗಳನ್ನು ಉದುರಿಸಿ ಫಿಲ್ಟರಿನ ಬಾಯಿ ಕಟ್ಟಿಸಿತು. ಲುಡ್ವಿಜಿಯಾದ ಕೆಂಪು ಮಾಸಿ, ಕೆಳಗಿನ ಎಲೆಗಳು ಕಳಚಿ, ತುದಿಯಲ್ಲಿ ಮಾತ್ರ ಒಂದಿಷ್ಟು ಹಸಿರು ಉಳಿಯಿತು. ನೇರಳೆ ಎಲೆಯದೂ ಲಕ್ಕಿ ಬ್ಯಾಂಬೂವೂ ನೀರಿನ ಗಿಡಗಳೇ ಅಲ್ಲ, ಕುಂಡದಲ್ಲಿ ಬೆಳೆಸಬೇಕಾದ ನೆಲದ ಗಿಡಗಳು, ಎಲೆ ಸಮೇತ ಮುಳುಗಿಸಿಟ್ಟರೆ ನಿಧಾನವಾಗಿ ಕೊಳೆಯುವುದೇ ಅವುಗಳ ಗತಿ ಎಂಬುದು ನನಗೆ ಗೊತ್ತಾದದ್ದು ಅವು ಕೊಳೆತು ನೀರು ನಾರತೊಡಗಿದ ಮೇಲೆ. ಇವುಗಳನ್ನು ಅಕ್ವೇರಿಯಂ ಗಿಡಗಳೆಂದೇ ಮಾರುವ ಅಂಗಡಿಗಳು ಈಗಲೂ ಇವೆ. ಕೊಳ್ಳುವವನು ಹೆಸರು ಕೇಳಿ, ಮನೆಗೆ ಬಂದು ಹುಡುಕಿ ನೋಡಿ, ಆಮೇಲೆ ದುಡ್ಡು ಕೊಡುವುದು ಒಳ್ಳೆಯದು.

ಆಗ ನಾನು ಮಾಡಿದ ದೊಡ್ಡ ತಪ್ಪೆಂದರೆ, ಗಿಡಗಳು ಸೊರಗುತ್ತಿವೆಯೆಂದು ದೀಪವನ್ನು ಎಂಟು ಗಂಟೆಗೆ ಬದಲಾಗಿ ಹನ್ನೆರಡು ಗಂಟೆ ಉರಿಸಿದ್ದು. ಬೆಳಕಿನ ಅವಧಿ ಹೆಚ್ಚಿದರೂ ಅದರ ತೀಕ್ಷ್ಣತೆ ಹೆಚ್ಚುವುದಿಲ್ಲ. ಒಂದು ಗಿಡಕ್ಕೆ ಬೇಕಾದ ಕನಿಷ್ಠ ಬೆಳಕು ಎಲೆಯನ್ನು ಮುಟ್ಟದಿದ್ದರೆ, ಅದು ಉಸಿರಾಟಕ್ಕೆ ಖರ್ಚು ಮಾಡುವಷ್ಟು ಆಹಾರವನ್ನೂ ತಯಾರಿಸಿಕೊಳ್ಳಲಾರದು, ದೀಪ ಎಷ್ಟು ಹೊತ್ತು ಉರಿದರೂ ಅಷ್ಟೇ. ಗಿಡಗಳು ಬಳಸಿಕೊಳ್ಳದ ಗೊಬ್ಬರ, ಕೊಳೆತ ಎಲೆಗಳ ಸಾರ, ಹನ್ನೆರಡು ಗಂಟೆಯ ಬೆಳಕು ಈ ಮೂರೂ ಸೇರಿ ಬೆಳೆಸಿದ್ದು ಪಾಚಿಯನ್ನು. ಮೂರನೆಯ ವಾರಕ್ಕೆ ಗಾಜಿನ ಮೇಲೆ ಹಸಿರು ಚುಕ್ಕೆಗಳೂ ಮರದ ತುಂಡಿನ ಮೇಲೆ ಗಡ್ಡದಂತಹ ಕಪ್ಪು ಪಾಚಿಯೂ ತುಂಬಿಕೊಂಡವು.

ಆ ನಂತರ ನಾನು ಲೆಕ್ಕವನ್ನು ತಿರುಗಿಸಿದೆ. ಗಿಡಕ್ಕೆ ತಕ್ಕ ಬೆಳಕನ್ನು ಒದಗಿಸುವ ಬದಲು, ಇರುವ ಬೆಳಕಿಗೆ ತಕ್ಕ ಗಿಡವನ್ನು ಹುಡುಕತೊಡಗಿದೆ. ಹುಡುಕುತ್ತ ಹೋದಂತೆ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಮಂದ ಬೆಳಕಿನಲ್ಲಿ ಬಾಳುವವೆಂದು ಅನುಭವಿಗಳು ಹೇಳುವ ಗಿಡಗಳಲ್ಲಿ ಹೆಚ್ಚಿನವು, ಅನೂಬಿಯಾಸ್, ಕ್ರಿಪ್ಟೊಕೊರೈನ್, ಬೋರ್ನಿಯೋದ ಬುಸೆಫಲಾಂಡ್ರಾ, ಎಲ್ಲವೂ ನಮ್ಮ ಕೆಸು ಮತ್ತು ಸುವರ್ಣಗೆಡ್ಡೆಗಳ ಕುಟುಂಬಕ್ಕೆ ಸೇರಿದವು. ಬಚ್ಚಲ ಹಿಂದಿನ ಹೊಂಡದ ಬದಿಯಲ್ಲಿ, ಮರಗಳ ನೆರಳಿನಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಕೆಸುವನ್ನು ನೋಡಿ ಬೆಳೆದ ನನಗೆ ಇದು ಹೊಸತೆನಿಸಲಿಲ್ಲ. ಕ್ರಿಪ್ಟೊಕೊರೈನ್‌ಗಳಲ್ಲಿ ಕೆಲವು ಬಗೆಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೇ ಇವೆ. ಆದರೂ ಅವುಗಳನ್ನು ಹೊಳೆಯಿಂದ ಕಿತ್ತು ತರುವ ಕೆಲಸಕ್ಕೆ ನಾನು ಇಳಿಯಲಿಲ್ಲ, ಇಳಿಯಲೂಬಾರದು.

ಅನೂಬಿಯಾಸ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ತೊರೆಗಳಲ್ಲಿ ಕಲ್ಲು, ಮರದ ಬೇರುಗಳನ್ನು ಹಿಡಿದು ಬೆಳೆಯುವ ಗಿಡ. 1857ರಲ್ಲಿ ಅದಕ್ಕೆ ಈ ಹೆಸರನ್ನಿಟ್ಟವನು ಆಸ್ಟ್ರಿಯಾದ ಸಸ್ಯವಿಜ್ಞಾನಿ ಶಾಟ್. ಅಂಗೈ ಅಗಲದ ಪೊದೆಯಾಗಿ ನಿಲ್ಲುವ ನಾನಾ ಎಂಬ ಕುಳ್ಳ ತಳಿಯನ್ನು ನಾನು ತಂದೆ. ತಂದವನೇ ಬದನೆ ಸಸಿಯನ್ನು ನೆಡುವಂತೆ ಅದನ್ನು ಮರಳಿನಲ್ಲಿ ಹೂತುಬಿಟ್ಟೆ. ಈ ಗಿಡಕ್ಕೆ ಶುಂಠಿಯಂತೆ ಅಡ್ಡಲಾಗಿ ಮಲಗಿ ಬೆಳೆಯುವ ದಪ್ಪ ಕಾಂಡವಿದೆ. ಬೇರುಗಳು ಮರಳಿನೊಳಗೆ ಇಳಿದರೆ ಅಡ್ಡಿಯಿಲ್ಲ, ಆದರೆ ಈ ಕಾಂಡ ಮಾತ್ರ ಹೂತುಹೋಗಬಾರದು, ಹೋದರೆ ಕೊಳೆಯುತ್ತದೆ. ಒಂದು ದಿನ ಎಲೆಯನ್ನು ಮುಟ್ಟಿದಾಗ ಅದು ತೊಟ್ಟು ಸಮೇತ ಕೈಗೇ ಬಂತು, ಕಾಂಡದ ಒಂದು ತುದಿ ಹಿಸುಕಿದ ಬಾಳೆಹಣ್ಣಿನಂತಾಗಿತ್ತು. ಮೆತ್ತಗಾದ ಭಾಗವನ್ನು ಬ್ಲೇಡಿನಿಂದ ಕತ್ತರಿಸಿ ಎಸೆದು, ಗಟ್ಟಿಯಾಗಿ ಉಳಿದ ನಾಲ್ಕೆಲೆಯ ತುಂಡನ್ನು ಹತ್ತಿಯ ದಾರದಿಂದ ಮರದ ತುಂಡಿಗೆ ಕಟ್ಟಿದೆ. ದಾರ ಕೊಳೆತು ಬೀಳುವ ಹೊತ್ತಿಗೆ ಬೇರುಗಳು ಮರವನ್ನು ಅಪ್ಪಿಕೊಂಡಿದ್ದವು. ಅದು ತಿಂಗಳಿಗೆ ಒಂದು ಎಲೆ ಬಿಟ್ಟರೆ ಹೆಚ್ಚು. ಆ ನಿಧಾನವೇ ಅದರ ಶಕ್ತಿ ಮತ್ತು ಅದರ ಕಷ್ಟ ಕೂಡ, ಏಕೆಂದರೆ ವರ್ಷಗಟ್ಟಲೆ ಬಾಳುವ ಎಲೆಯ ಮೇಲೆ ಪಾಚಿ ಕೂರಲು ಬೇಕಾದಷ್ಟು ಸಮಯವಿರುತ್ತದೆ. ಆದ್ದರಿಂದ ಅನೂಬಿಯಾಸನ್ನು ದೀಪದ ನೇರ ಕೆಳಗೆ ಇಡದೆ, ಮರದ ತುಂಡಿನ ನೆರಳು ಬೀಳುವ ಕಡೆಗೆ ಸರಿಸಿದ್ದೇನೆ.

ಕ್ರಿಪ್ಟೊಕೊರೈನ್‌ಗಳಲ್ಲಿ ನಾನು ಆರಿಸಿದ್ದು ಶ್ರೀಲಂಕಾ ಮೂಲದ ವೆಂಡ್ಟಿಯನ್ನು. ಇದು ಬೇರಿನಿಂದ ಉಣ್ಣುವ ಗಿಡವಾದ್ದರಿಂದ ಮರಳಿನಲ್ಲಿಯೇ ನೆಡಬೇಕು, ಬುಡದಲ್ಲಿ ಮೂರು ತಿಂಗಳಿಗೊಮ್ಮೆ ಒಂದು ಗೊಬ್ಬರದ ಗುಳಿಗೆಯನ್ನು ಹುದುಗಿಸಿದರೆ ಸಾಕು. ನೆಟ್ಟ ಆರನೆಯ ದಿನ ಅದರ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಕರಗಿಹೋದವು. ನರ್ಸರಿಗಳು ಇದನ್ನು ಸಾಮಾನ್ಯವಾಗಿ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸುತ್ತವೆ. ಮುಳುಗಿಸಿದಾಗ, ಅಥವಾ ನೀರಿನ ಗುಣ ಥಟ್ಟನೆ ಬದಲಾದಾಗ, ಅದು ಹಳೆಯ ಎಲೆಗಳನ್ನು ಬಿಟ್ಟುಕೊಟ್ಟು ಬೇರನ್ನು ಉಳಿಸಿಕೊಳ್ಳುತ್ತದೆ. ಇದನ್ನು ಮೊದಲೇ ಓದಿ ತಿಳಿದಿದ್ದರಿಂದ ನಾನು ಕೊಳೆತ ಎಲೆಗಳನ್ನಷ್ಟೇ ತೆಗೆದು ಬುಡವನ್ನು ಮುಟ್ಟದೆ ಬಿಟ್ಟೆ. ಮನೆಯವರು ಮಾತ್ರ ಬರೀ ಮರಳಿಗೆ ದೀಪ ಹಚ್ಚುತ್ತಿದ್ದೀಯಲ್ಲ ಎಂದು ನಕ್ಕರು. ನಾಲ್ಕನೆಯ ವಾರ ಕಂದು ಬಣ್ಣದ ಚಿಗುರು ಸೂಜಿಯಂತೆ ಮೇಲೆದ್ದಿತು. ಈಗ ಅದು ಮುಂಭಾಗದ ಮೂರನೆಯ ಒಂದು ಭಾಗವನ್ನು ಆಕ್ರಮಿಸಿಕೊಂಡಿದೆ.

ಜಾವಾ ಫರ್ನ್ ಎಂಬ ಜರಿಗಿಡ ಕೆಸುವಿನ ಬಳಗದ್ದಲ್ಲ, ಆದರೂ ಅದರ ನಡತೆ ಅನೂಬಿಯಾಸ್‌ನದ್ದೇ: ಮರಕ್ಕೆ ಕಟ್ಟಬೇಕು, ಹೂಳಬಾರದು. ಎಲೆಯ ಹಿಂಬದಿಯಲ್ಲಿ ಸಾಲಾಗಿ ಕಪ್ಪು ಚುಕ್ಕೆಗಳನ್ನು ಕಂಡು ರೋಗವೆಂದು ಹೆದರಿ ನಾನು ಎರಡು ಒಳ್ಳೆಯ ಎಲೆಗಳನ್ನು ಕತ್ತರಿಸಿದ್ದುಂಟು. ಅವು ಜರಿಗಿಡದ ಬೀಜಕಣಗಳ ಗೂಡುಗಳು. ಹಳೆಯ ಎಲೆಯ ತುದಿಯಲ್ಲಿ ಬೇರು ಸಮೇತ ಮರಿ ಗಿಡವೇ ಹುಟ್ಟುತ್ತದೆ, ಬೆರಳುದ್ದವಾದ ಮೇಲೆ ಬಿಡಿಸಿ ಬೇರೆಡೆ ಕಟ್ಟಬಹುದು. ಜಾವಾ ಮಾಸ್ ಕೂಡ ಬದುಕುತ್ತದೆ, ಆದರೆ ಅದು ಕಸವನ್ನು ಹಿಡಿದಿಟ್ಟುಕೊಳ್ಳುವ ರೀತಿ ನನಗೆ ಹಿಡಿಸದೆ ತೆಗೆದುಬಿಟ್ಟೆ. ಸೀಗಡಿ ಸಾಕುವವರಿಗೆ ಅದು ಬೇಕಾದೀತು.

ಇನ್ನೊಬ್ಬ ಬಂಧು ಮನೆಯಲ್ಲೇ ಇದ್ದ: ಮನಿ ಪ್ಲಾಂಟ್, ಅದೂ ಕೆಸುವಿನ ಕುಟುಂಬದ್ದೇ. ಒಂದು ಬಳ್ಳಿಯ ಬೇರುಗಳನ್ನಷ್ಟೇ ಹಿಂಬದಿಯ ಸಂದಿಯಿಂದ ನೀರಿಗೆ ಇಳಿಬಿಟ್ಟು, ಎಲೆಗಳನ್ನು ಹೊರಗೆ ಗೋಡೆಗೆ ಹಬ್ಬಿಸಿದ್ದೇನೆ. ಮೀನಿನ ಹೇಲಿನಿಂದ ನೀರಿನಲ್ಲಿ ಸೇರುವ ನೈಟ್ರೇಟನ್ನು ಅದು ಹೀರಿಕೊಳ್ಳುತ್ತದೆ, ಗಾಳಿಯಲ್ಲಿರುವ ಎಲೆಗಳಿಗೆ ಇಂಗಾಲದ ಡೈಆಕ್ಸೈಡಿನ ಕೊರತೆಯೂ ಇಲ್ಲ. ಪಾಚಿ ಕಡಿಮೆಯಾಗಲು ನಾನು ಕೊಂಡ ಯಾವ ಸೀಸೆಯ ಔಷಧಕ್ಕಿಂತಲೂ ಇದು ಹೆಚ್ಚು ನೆರವಾಗಿದೆ ಎಂದು ನನ್ನ ಎಣಿಕೆ.

ದೀಪ ಈಗ ಟೈಮರಿನ ಹಿಡಿತದಲ್ಲಿ ಸಂಜೆ ನಾಲ್ಕರಿಂದ ಹತ್ತರವರೆಗೆ ಆರು ಗಂಟೆ ಮಾತ್ರ ಉರಿಯುತ್ತದೆ. ಪ್ರತಿ ಭಾನುವಾರ ಕಾಲುಭಾಗ ನೀರನ್ನು ಬದಲಿಸಿ, ನಲ್ಲಿಯ ನೀರಿಗೆ ಕ್ಲೋರಿನ್ ನಿವಾರಕ ಹಾಕಿ, ದ್ರವಗೊಬ್ಬರವನ್ನು ಸೀಸೆಯ ಮೇಲೆ ಹೇಳಿದ್ದರ ಅರ್ಧದಷ್ಟು ಕೊಡುತ್ತೇನೆ. ಡಿಸೆಂಬರಿನಲ್ಲಿ ನೀರು 21 ಡಿಗ್ರಿಗೆ ಇಳಿದರೂ ಈ ಗಿಡಗಳು ದೂರಲಿಲ್ಲ. ಕತ್ತರಿಸಿದ ತುಂಡುಗಳನ್ನು ಚರಂಡಿಗಾಗಲಿ ಕೆರೆಗಾಗಲಿ ಎಸೆಯದೆ ಒಣಗಿಸಿ ಕುಂಡದ ಮಣ್ಣಿಗೆ ಹಾಕುತ್ತೇನೆ. ಅಂದು ಕೊಳೆತು ಉಳಿದ ಆ ನಾಲ್ಕೆಲೆಯ ಅನೂಬಿಯಾಸನ್ನು ಕಳೆದ ತಿಂಗಳು ಮೂರಾಗಿ ಸೀಳಿ, ಒಂದು ತುಂಡನ್ನು ಮೇಲಿನ ಮಹಡಿಯ ಹುಡುಗನಿಗೆ ಕೊಟ್ಟೆ. ಕೊಡುವಾಗ ಕಲ್ಲಿಗೆ ಕಟ್ಟಿಯೇ ಕೊಟ್ಟೆ, ಅವನು ಹೂಳದಿರಲೆಂದು.