ಮೂತ್ರಪಿಂಡದೊಳಗಿನ ಅಡ್ಡದಾರಿಯನ್ನು ಮುಚ್ಚುವುದು ಹೇಗೆ?

ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಮೂತ್ರಪಿಂಡಗಳಿಗೇ ಹೋಗುತ್ತದೆ. ಅಪಧಮನಿಯಲ್ಲಿ ಬಂದದ್ದು ಲೋಮನಾಳಗಳನ್ನು ಹಾಯ್ದು, ಸೋಸಿಕೊಂಡು ಅಭಿಧಮನಿ ಸೇರಬೇಕು. ಕೆಲವರಲ್ಲಿ ಅಪಧಮನಿ, ಅಭಿಧಮನಿ ಎರಡೂ ನೇರವಾಗಿ ಕೂಡಿಕೊಂಡಿರುತ್ತವೆ. ಈ ಜೋಡಣೆಯೇ ಇಲ್ಲಿ ಹೇಳುವ ಅಡ್ಡದಾರಿ. ಹುಟ್ಟಿನಿಂದಲೇ ಹಾಗಿರುವುದುಂಟು, ಪರೀಕ್ಷೆಗೆಂದು ಮೂತ್ರಪಿಂಡದ ಚೂರು ತೆಗೆಯುವ ಬಯಾಪ್ಸಿ ಸೂಜಿ, ಕಲ್ಲು ತೆಗೆಯುವ ಶಸ್ತ್ರಚಿಕಿತ್ಸೆ ಅಥವಾ ಪೆಟ್ಟಿನಿಂದಲೂ ಆಗುತ್ತದೆ. ಮೂತ್ರದಲ್ಲಿ ರಕ್ತ, ಏರಿದ ರಕ್ತದೊತ್ತಡ ಇದರ ಲಕ್ಷಣಗಳು. ಹರಿವು ಜೋರಾಗಿದ್ದರೆ ಹೃದಯವೂ ದಣಿಯುತ್ತದೆ.

ಮೊದಲು ತೀರ್ಮಾನಿಸಬೇಕಾದದ್ದು, ಮುಚ್ಚಲೇಬೇಕೇ ಎಂಬುದು. ಬಯಾಪ್ಸಿಯಿಂದಾದ ಬಹುಪಾಲು ಜೋಡಣೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ತೊಂದರೆ ಇಲ್ಲದಿದ್ದರೆ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸುತ್ತ ಕಾಯಬಹುದು. ರಕ್ತಸ್ರಾವ ನಿಲ್ಲದಿದ್ದರೆ ಎಂಬೊಲೈಸೇಷನ್, ಅಂದರೆ ರಕ್ತನಾಳವನ್ನು ಒಳಗಿನಿಂದಲೇ ಮುಚ್ಚುವ ಚಿಕಿತ್ಸೆ, ಬೇಕಾಗುತ್ತದೆ.

ಚಿಕಿತ್ಸೆಗೆ ಮುಂಚೆ ಮಾಡುವ ಸಿಟಿ ಆಂಜಿಯೋಗ್ರಾಮ್‌ನಲ್ಲಿ ರಕ್ತನಾಳಗಳ ನಕ್ಷೆ ಸಿಗುತ್ತದೆ. ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್, ರಕ್ತ ಹೆಪ್ಪುಗಟ್ಟುವ ಶಕ್ತಿ ನೋಡುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ, ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್, ಹಿಂದೆ ಎಕ್ಸ್-ರೇಯಲ್ಲಿ ರಕ್ತನಾಳ ಕಾಣುವಂತೆ ಮಾಡುವ ಕಾಂಟ್ರಾಸ್ಟ್ ದ್ರವ ಒಗ್ಗದೇ ಹೋದದ್ದು ಇದ್ದರೆ ಕೇಳುವ ಮುಂಚೆಯೇ ಹೇಳಿಬಿಡಿ.

ಸಾಮಾನ್ಯವಾಗಿ ತೊಡೆಸಂದಿಗೆ ಅಥವಾ ಮಣಿಕಟ್ಟಿಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಸೂಜಿಯಿಂದ ಅಪಧಮನಿಯನ್ನು ಹೊಕ್ಕು, ತಂತಿಯ ಮೇಲೆ ಕೊಳವೆ ಜಾರಿಸುತ್ತಾರೆ. ಸ್ವೀಡನ್ನಿನ ವೈದ್ಯ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ವಿಧಾನವಿದು. ಈ ಕೊಳವೆ, ಅಂದರೆ ಕ್ಯಾತೆಟರ್, ಮಹಾಪಧಮನಿಯಿಂದ ಮೂತ್ರಪಿಂಡದ ಅಪಧಮನಿಗೆ ತಿರುಗುತ್ತದೆ. ಕಾಂಟ್ರಾಸ್ಟ್ ಬಿಟ್ಟಾಗ ಅಭಿಧಮನಿ ಹೊತ್ತಿಗೆ ಮುಂಚೆಯೇ ತುಂಬಿಕೊಂಡರೆ, ಅಡ್ಡದಾರಿ ಅಲ್ಲೇ ಎಂದರ್ಥ.

ನನ್ನ ಮಟ್ಟಿಗೆ ಇಡೀ ಚಿಕಿತ್ಸೆಯ ಕೌಶಲ ಮುಂದಿನ ಹಂತದಲ್ಲಿದೆ. ಮೂತ್ರಪಿಂಡದ ಅಪಧಮನಿಯ ಕವಲುಗಳಿಗೆ ಬದಲಿ ದಾರಿ ಇಲ್ಲ. ಒಂದನ್ನು ಮುಚ್ಚಿದರೆ ಅದು ಪೋಷಿಸುವ ಭಾಗ ಸಾಯುತ್ತದೆ. ಆದ್ದರಿಂದ ಇನ್ನೂ ಸಣ್ಣ ಮೈಕ್ರೋಕ್ಯಾತೆಟರನ್ನು ಕವಲಿನಿಂದ ಕವಲಿಗೆ ನಡೆಸಿ, ಜೋಡಣೆಗೆ ಆದಷ್ಟು ಹತ್ತಿರ ಹೋಗುತ್ತಾರೆ. ಅಲ್ಲಿ ಪ್ಲಾಟಿನಂ ಸುರುಳಿ, ಪ್ಲಗ್ ಅಥವಾ ವೈದ್ಯಕೀಯ ಅಂಟು ಹಾಕುತ್ತಾರೆ. ಸುರುಳಿ ನಾಳಕ್ಕಿಂತ ತುಸು ದೊಡ್ಡದಿರಬೇಕು. ಚಿಕ್ಕದಾದರೆ ರಭಸಕ್ಕೆ ಕೊಚ್ಚಿಕೊಂಡು ಅಭಿಧಮನಿ, ಹೃದಯ ದಾಟಿ ಶ್ವಾಸಕೋಶಕ್ಕೆ ಹೋಗಬಹುದು. ಕೊನೆಗೆ ಮತ್ತೊಮ್ಮೆ ಕಾಂಟ್ರಾಸ್ಟ್ ಬಿಟ್ಟು, ಅಡ್ಡದಾರಿ ಮುಚ್ಚಿದೆಯೇ, ಉಳಿದ ಕವಲುಗಳಲ್ಲಿ ರಕ್ತ ಹರಿಯುತ್ತಿದೆಯೇ ಎಂದು ನೋಡುತ್ತಾರೆ.

ತೊಡೆಸಂದಿಯಲ್ಲಿ ಚುಚ್ಚಿದ್ದರೆ ಕೆಲವು ಗಂಟೆ ಕಾಲು ಮಡಚದೆ ಮಲಗಿರಬೇಕು. ಪಕ್ಕೆನೋವು, ಸಣ್ಣ ಜ್ವರ, ವಾಕರಿಕೆ ಕೆಲವು ದಿನ ಇರಬಹುದು. ಮೂತ್ರ ಮತ್ತೆ ಕೆಂಪಾದರೆ, ಚುಚ್ಚಿದ ಜಾಗ ಊದಿಕೊಂಡರೆ, ಚಳಿಜ್ವರ ಬಂದರೆ ಮುಂದಿನ ಡಾಪ್ಲರ್ ತನಕ ಕಾಯದೆ ಆಸ್ಪತ್ರೆಗೆ ಹೋಗಿ.