ಏರ್ ರೈಫಲ್‌ಗೆ ಗಾಳಿ ತುಂಬುವಾಗ: ಒತ್ತಡ ಎಷ್ಟು, ವೇಗ ಎಷ್ಟು?

ಪಂಕ್ಚರ್ ಅಂಗಡಿಯಲ್ಲಿ ಕಾರಿನ ಟೈರಿಗೆ ಹಾಕುವ ಗಾಳಿಯ ಒತ್ತಡ 2 ಬಾರ್‌ಗಿಂತ ಸ್ವಲ್ಪ ಹೆಚ್ಚು. ಹತ್ತು ಮೀಟರ್ ಸ್ಪರ್ಧೆಯ ಏರ್ ರೈಫಲ್‌ನ ಸಿಲಿಂಡರ್ ಸಾಮಾನ್ಯವಾಗಿ ಹಿಡಿಯುವುದು 200 ಬಾರ್. ಸಿಲಿಂಡರ್ ಮೇಲೆ ಕೊರೆದ ಅಂಕಿಯೇ ಮಿತಿ. ಪಕ್ಕದವರ ರೈಫಲ್‌ನದು 300 ಇದ್ದರೂ ನಿಮ್ಮದಕ್ಕೆ ಅದು ಲೆಕ್ಕಕ್ಕಿಲ್ಲ.

ಮೊದಲು ತಯಾರಾದ ತಿಂಗಳು, ವರ್ಷ ನೋಡಿ. ಸ್ಪರ್ಧೆಯ ಸಿಲಿಂಡರ್‌ಗಳಿಗೆ ತಯಾರಕರು ಕೊಡುವ ಆಯುಷ್ಯ ಹೆಚ್ಚಾಗಿ 10 ವರ್ಷ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಅವಧಿ ಮುಗಿದದ್ದನ್ನು ತುಂಬಬೇಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ರೈಫಲ್‌ಗಿಂತ ಮುಂಚೆ ಈ ದಿನಾಂಕ ಕೇಳುವುದು ಒಳ್ಳೆಯದು.

ತುಂಬುವುದು ಒಣ, ಶುದ್ಧ ಗಾಳಿಯನ್ನು ಮಾತ್ರ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಹತ್ತಿರವೂ ತರಬೇಡಿ. ಒಳಗಿನ ಗ್ರೀಸಿನ ಪಸೆಗೆ ತಾಗಿದರೆ ಸ್ಫೋಟವಾಗಬಹುದು. ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಗೆ (ಓ-ರಿಂಗ್) ತಯಾರಕರು ಹೇಳಿದ ಗ್ರೀಸ್ ಬಿಟ್ಟು ಹೊಲಿಗೆ ಮಷಿನ್ ಎಣ್ಣೆ, ಎಂಜಿನ್ ಆಯಿಲ್ ಸವರಬಾರದು. ರೈಫಲ್ ಸಿಲಿಂಡರನ್ನು ಪೈಪಿಗೆ ಜೋಡಿಸುವ ಅಡಾಪ್ಟರ್ ಕೈಯಲ್ಲೇ ಪೂರ್ತಿ ತಿರುಗಿ ಕೂರಬೇಕು. ಅಡ್ಡ ಕೂತರೆ ಬಿಚ್ಚಿ ಮತ್ತೆ ಹಾಕಿ, ಪಾನಾ ಹಿಡಿದು ಒತ್ತಾಯ ಮಾಡಬೇಡಿ. ಗಾಳಿ ಕೊಡುವ ದೊಡ್ಡ ಸಿಲಿಂಡರ್‌ನ ವಾಲ್ವನ್ನು ಕೂದಲೆಳೆಯಷ್ಟೇ ತೆರೆಯಿರಿ. ಗೇಜ್ ಮುಳ್ಳು ನಿಧಾನ ಏರಬೇಕು. ರಭಸದಿಂದ ತುಂಬಿದರೆ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ. ಆಗ ತೋರಿದ 200 ಆರಿದ ಮೇಲೆ 185ಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಅದನ್ನು ಸೋರಿಕೆ ಎಂದು ತಪ್ಪು ತಿಳಿಯುವವರೇ ಹೆಚ್ಚು. ತುಂಬಿದ ಮೇಲೆ ವಾಲ್ವ್ ಮುಚ್ಚಿ, ಬ್ಲೀಡ್ ಸ್ಕ್ರೂ ಸಡಿಲಿಸಿ ಪೈಪಿನ ಗಾಳಿ ಬಿಟ್ಟು, ಆಮೇಲೆಯೇ ಸಿಲಿಂಡರ್ ಬಿಚ್ಚಿ. ಕೈಪಂಪ್ ಬಳಸುವವರು ಪಂಪ್ ಬಿಸಿಯಾದಾಗ ನಿಲ್ಲಿಸಿ, ಅದರಲ್ಲಿ ಸೇರಿದ ತೇವವನ್ನು ಹೊರಬಿಡಬೇಕು. ತೇವ ಒಳಗಿಳಿದರೆ ತುಕ್ಕು.

ಕಲಬುರಗಿ, ಯಾದಗಿರಿಯ ಬೇಸಿಗೆಗೆ ಒಂದು ಲೆಕ್ಕ ಬೇರೆಯೇ ಇದೆ. ಎ.ಸಿ. ಕೋಣೆಯಲ್ಲಿ 25 ಡಿಗ್ರಿಯಲ್ಲಿ 200 ಬಾರ್ ತುಂಬಿದ ಸಿಲಿಂಡರ್, ಮೇ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ 60 ಡಿಗ್ರಿಗೆ ಕಾದರೆ ಒಳಗಿನ ಒತ್ತಡ 223ರ ಆಸುಪಾಸಿಗೆ ಏರುತ್ತದೆ. ಅದೇ 180ಕ್ಕೆ ನಿಲ್ಲಿಸಿದ್ದರೆ 201. ಸಿಲಿಂಡರ್ ಗಟ್ಟಿತನ ಪರೀಕ್ಷಿಸುವ ಒತ್ತಡ ಇದಕ್ಕಿಂತ ಮೇಲಿರುತ್ತದೆ, ನಿಜ. ಆ ಮೀಸಲು ನಮ್ಮ ಖರ್ಚಿಗಲ್ಲ. ಹಾಗಾಗಿ ಏಪ್ರಿಲ್, ಮೇನಲ್ಲಿ 180 ಸಾಕು, ಸಿಲಿಂಡರನ್ನು ಕಾರಿನ ಡಿಕ್ಕಿಯಲ್ಲಿ ಬಿಡಲೇಬೇಡಿ. ಬೀದರ್‌ನ ಡಿಸೆಂಬರ್ ಬೆಳಿಗ್ಗೆ ಇದು ಉಲ್ಟಾ: ರಾತ್ರಿ ತುಂಬಿದ್ದಕ್ಕಿಂತ ಮುಳ್ಳು ಕೆಳಗೆ ಇರುತ್ತದೆ, ಮತ್ತೆ ತುಂಬುವ ಅವಸರ ಬೇಡ.

ಹೆಚ್ಚು ತುಂಬಿದರೆ ಛರ್ರಾ (ಏರ್ ರೈಫಲ್ ಗುಂಡು) ಜೋರಾಗಿ ಹೋಗುತ್ತದೆ ಎಂಬುದು ತಪ್ಪು ಲೆಕ್ಕ. ಸ್ಪರ್ಧೆಯ ರೈಫಲ್‌ನಲ್ಲಿ ಸಿಲಿಂಡರ್‌ಗೂ ನಳಿಕೆಗೂ ನಡುವೆ ಒತ್ತಡವನ್ನು ಒಂದೇ ಸಮ ಇಡುವ ರೆಗ್ಯುಲೇಟರ್ ಕೂತಿದೆ. 190 ಇದ್ದರೂ 110 ಇದ್ದರೂ ಅದು ಮುಂದೆ ಬಿಡುವ ಒತ್ತಡ ಒಂದೇ. ರೆಗ್ಯುಲೇಟರ್ ಇಲ್ಲದ ಬಂದೂಕಿನಲ್ಲಿ ಮಿತಿಮೀರಿದ ಒತ್ತಡ ವಾಲ್ವನ್ನೇ ಬಿಗಿಹಿಡಿದು ವೇಗ ಇಳಿಸುತ್ತದೆ.

ವೇಗ ನೋಡಲು ಕ್ರೋನೋಗ್ರಾಫ್ ಎಂಬ, ಗುಂಡಿನ ವೇಗ ಅಳೆಯುವ ಉಪಕರಣ ಬೇಕು. ಗುಂಡು ತಡೆಯುವ ಟ್ರ್ಯಾಪ್ ಅದರ ಹಿಂದಿರಲಿ, ಕಣ್ಣಿಗೆ ಕನ್ನಡಕವಿರಲಿ. ಒಂದೇ ಡಬ್ಬಿಯ 0.53 ಗ್ರಾಂ ಛರ್ರಾ ಹತ್ತು ಹೊಡೆಯಿರಿ. ಸೆಕೆಂಡಿಗೆ 170ರಿಂದ 175 ಮೀಟರ್ ಬಂದರೆ ಸರಿ. ಅದು ಸುಮಾರು 8 ಜೂಲ್ ಶಕ್ತಿ. ಹತ್ತರಲ್ಲಿ ಹೆಚ್ಚು ಕಡಿಮೆ ನಡುವಿನ ಅಂತರ ಸೆಕೆಂಡಿಗೆ 3 ಮೀಟರ್ ಒಳಗಿದ್ದರೆ ರೈಫಲ್ ಆರೋಗ್ಯವಾಗಿದೆ. ಹತ್ತು ನಿಮಿಷ ಬಿಟ್ಟು ಹೊಡೆದ ಮೊದಲ ಗುಂಡು ಮಾತ್ರ ಸದಾ ವೇಗವಾಗಿ ಹೋಗುತ್ತಿದ್ದರೆ ರೆಗ್ಯುಲೇಟರ್ ಒಳಗೊಳಗೇ ಸೋರುತ್ತಿದೆ. ವೇಗ ಒಂದೇ ಸಮ ಇಳಿಯುತ್ತಿದ್ದರೆ ಗೇಜ್ ನೋಡಿ: 70 ಬಾರ್‌ನ ಕೆಳಗೆ ಹೋಗಿರಬಹುದು.

ವೇಗದ ಸ್ಕ್ರೂ ತಿರುಗಿಸಿ ಏರಿಸುವ ಆಸೆಗೆ ಕಾನೂನಿನ ಗೆರೆಯೂ ಇದೆ. ನಳಿಕೆಯ ಒಳ ಅಗಲ (ಬೋರ್) 0.177 ಇಂಚು ಮೀರದ, 20 ಜೂಲ್ ದಾಟದ ಏರ್ ರೈಫಲ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳಡಿ ಲೈಸೆನ್ಸ್ ಬೇಕಿಲ್ಲ. ಇದೇ ಛರ್ರಾ ಸೆಕೆಂಡಿಗೆ 275 ಮೀಟರ್ ಓಡಿದರೆ 20 ಜೂಲ್ ತುಂಬಿತು. ಸ್ಕ್ರೂ ತಿರುಗಿಸಲೇಬೇಕಾದರೆ ಒಮ್ಮೆಗೆ ಕಾಲು ಸುತ್ತು, ಪ್ರತಿ ಸಲ ಹತ್ತು ಗುಂಡು, ಮೊದಲಿದ್ದ ಜಾಗಕ್ಕೆ ಪೆನ್ಸಿಲ್ ಗುರುತು.